ಮಗನ ‘ಬ್ರೋ’, ಮ್ಯಾನೇಜರ್ ‘ಬೇಸಿಕಲಿ’, ನಮ್ಮದೇ ‘ಅಂಥದ್ದು’

ಪ್ರಶ್ನೆ: ನನಗೆ 47 ವರ್ಷ. ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಮನೆಯಲ್ಲಿ 15ರ ಮಗ, 19ರ ಮಗಳು. ಮಗನ ಬಾಯಲ್ಲಿ ಇಡೀ ದಿನ ‘ಬ್ರೋ’, ‘ಲಿಟ್ರಲಿ’, ‘ಸೀನೇ ಇಲ್ಲ’, ‘ಕ್ರಿಂಜ್’ (ನೋಡಿದರೆ ಮುಜುಗರ ಅಂತ ಅರ್ಥವಂತೆ). ನನ್ನನ್ನೂ ‘ಬ್ರೋ’ ಅಂತಾನೆ. ಈಚೆಗೆ ಏನು ಕೇಳಿದರೂ ‘ಸಿಕ್ಸ್ ಸೆವೆನ್’ ಅಂದು ಎರಡೂ ಅಂಗೈ ಮೇಲೆ ಕೆಳಗೆ ಆಡಿಸಿ ನಗುತ್ತಾನೆ. ಅರ್ಥ ಏನು ಅಂದರೆ ‘ಅರ್ಥ ಇಲ್ಲಮ್ಮ, ಅದೇ ಜೋಕು’ ಅಂತ ಉತ್ತರ. ಆಫೀಸಿಗೆ ಹೋದರೆ ಮ್ಯಾನೇಜರ್ ಮಾತುಮಾತಿಗೂ ‘ಬೇಸಿಕಲಿ’, ‘ಅಟ್ ದಿ ಎಂಡ್ ಆಫ್ ದಿ ಡೇ’. ಕೇಳಿ ಕೇಳಿ ಮೈ ಉರಿಯುತ್ತದೆ. ಮಗನನ್ನು ಪ್ರತಿ ಸಲ ತಿದ್ದುತ್ತಿದ್ದೆ. ಈಗ ಅವನು ಊಟದ ಹೊತ್ತಿನಲ್ಲಿ ಮಾತಾಡುವುದನ್ನೇ ಬಿಟ್ಟಿದ್ದಾನೆ. ಇದರ ಮೇಲೆ ಕಳೆದ ವಾರ ಮಗಳು ನಾನು ಫೋನಿನಲ್ಲಿ ಮಾತಾಡಿದ್ದನ್ನು ರೆಕಾರ್ಡ್ ಮಾಡಿ, ‘ನೀನು ಎಷ್ಟು ಸಲ ಅಂತ ಹೇಳಿ, ಅಂತ ಹೇಳಿ ಅಂದೆ, ಎಣಿಸಮ್ಮ’ ಅಂದಳು. ಎಣಿಸಲು ನಾಚಿಕೆಯಾಯಿತು. ಇದರಿಂದೆಲ್ಲ ಭಾಷೆ ಕೆಡುತ್ತದೆಯೇ? ಮಗನ ಬರವಣಿಗೆ, ಬುದ್ಧಿ ಮೊಂಡಾಗುತ್ತದೆಯೇ? ತಡೆಯುವ ದಾರಿ ಇದೆಯೇ, ಇಲ್ಲಾ ಸಹಿಸಿಕೊಂಡು ಸುಮ್ನೆ ಇರಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಬ್ರೋ’ ಅಲ್ಲ. ಮಗ ಊಟದ ಹೊತ್ತಿನಲ್ಲಿ ಮಾತು ಬಿಟ್ಟಿದ್ದಾನೆ ಅನ್ನುವ ಸಾಲು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಸಿಟ್ಟನ್ನು ಸ್ವಲ್ಪ ಬಿಡಿಸಿ ನೋಡೋಣ. ನೀವು ಒಂದೇ ಗಂಟಿನಲ್ಲಿ ಮೂರು ಬೇರೆ ಬೇರೆ ಸಾಮಾನು ಕಟ್ಟಿಟ್ಟಿದ್ದೀರಿ. ಹುಡುಗರ ಗುಂಪಿನ ಮಾತು ಒಂದು. ಬಾಯಿಗೆ ಅಂಟಿಕೊಂಡ ಊರೆಗೋಲು ಇನ್ನೊಂದು: ನಿಮ್ಮ ‘ಅಂತ ಹೇಳಿ’, ಮ್ಯಾನೇಜರ್ ಅವರ ‘ಬೇಸಿಕಲಿ’. ಮೂರನೆಯದು ತೂಕ ಜಾಸ್ತಿ ಕಾಣಲಿ ಎಂದು ತುಂಬಿಸುವ ಹೊಟ್ಟು: ‘ಅಟ್ ದಿ ಎಂಡ್ ಆಫ್ ದಿ ಡೇ’ ಥರದ್ದು. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ನಾನು ವರ್ಷಗಟ್ಟಲೆ ಭಾಷಾವಿಜ್ಞಾನ ಪಾಠ ಮಾಡಿದವನು. ಈಗ ಸಭೆಯಲ್ಲಿ ಮಾತಾಡಲು ಹೆದರುವವರಿಗೆ ತರಬೇತಿ ಕೊಡುತ್ತೇನೆ. ನನ್ನ ಹತ್ತಿರ ದೂರು ತರುವವರೆಲ್ಲ ಮೊದಲನೆಯದನ್ನೇ ತರುತ್ತಾರೆ. ಹಾನಿ ಜಾಸ್ತಿ ಇರುವುದು ಮೂರನೆಯದರಲ್ಲಿ.

ಭಾಷೆ ಕೆಡುತ್ತದೆಯೇ ಎಂಬ ಭಯ ಹೊಸದೇನಲ್ಲ. 1112ರ ಸುಮಾರಿನಲ್ಲೇ ನಯಸೇನ ಕವಿ ಕನ್ನಡಕ್ಕೆ ಸಂಸ್ಕೃತ ಬೆರೆಸುವವರ ಮೇಲೆ ರೇಗಿದ್ದ. ತುಪ್ಪಕ್ಕೆ ಎಣ್ಣೆ ಬೆರೆಸುತ್ತಾರೆಯೇ ಎಂದು ಕೇಳಿದ. ಒಂಬತ್ತು ನೂರು ವರ್ಷ ಕಳೆಯಿತು. ಅವತ್ತು ಬೆರೆತ ಎಷ್ಟೋ ಮಾತು ಇವತ್ತು ‘ಶುದ್ಧ ಕನ್ನಡ’ದ ಪಟ್ಟಿಯಲ್ಲಿದೆ. ಇಂಗ್ಲಿಷಿನಲ್ಲೂ ಇದೇ ಕಥೆ. 1710ರಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್ ಪತ್ರಿಕೆಯೊಂದರಲ್ಲಿ ಬರೆದು, ‘ಮಾಬ್’ (ಜನಜಂಗುಳಿ), ‘ಬ್ಯಾಂಟರ್’ (ಕೀಟಲೆ ಮಾತು) ಎಂಬ ಮಾತುಗಳನ್ನು ತಡೆಯಲು ತಾನು ವರ್ಷಗಟ್ಟಲೆ ಪಾಡುಪಟ್ಟರೂ ಆಗಲಿಲ್ಲ ಎಂದು ಕೈಚೆಲ್ಲಿದ್ದ. ‘ಮಾಬ್’ ಎಂಬುದು ಲ್ಯಾಟಿನ್ನಿನ ‘ಮೊಬಿಲೆ ವುಲ್ಗುಸ್’ ಅನ್ನು ಕತ್ತರಿಸಿ ಮಾಡಿದ ಮೋಟು ಮಾತು. ಅವನಿಗೆ ಅದು ಹೊಲಸು. ಈಗ ಅದು ಕೋರ್ಟಿನ ತೀರ್ಪಿನಲ್ಲೂ ಬರುತ್ತದೆ.

ಇನ್ನೂ ಹತ್ತಿರದ ಉದಾಹರಣೆ ಬೇಕೇ? ಹಳಗನ್ನಡದ ‘ಪಾಲು’ ‘ಹಾಲು’ ಆಯಿತು, ‘ಪೋಗು’ ‘ಹೋಗು’ ಆಯಿತು, ‘ಪುಲಿ’ ‘ಹುಲಿ’ ಆಯಿತು. ಆ ಕಾಲದ ಮನೆಯೊಂದರಲ್ಲಿ ಯಾರೋ ತಾಯಿ ಮಗನಿಗೆ ‘ಸರಿಯಾಗಿ ಪೋಗು ಅನ್ನೋ’ ಎಂದು ಗದರಿರಬಹುದು. ಮಗ ಕೇಳಲಿಲ್ಲ. ನಾವೆಲ್ಲ ಆ ಮಗನ ಕನ್ನಡವನ್ನೇ ಮಾತಾಡುತ್ತಿದ್ದೇವೆ.

‘ಲಿಟ್ರಲಿ’ಗೆ ಬರೋಣ. ‘ಅಕ್ಷರಶಃ’ ಎಂಬ ಅರ್ಥದ ಮಾತನ್ನು ‘ಸಿಕ್ಕಾಪಟ್ಟೆ’ ಎನ್ನುವ ಹಾಗೆ ಬಳಸುತ್ತಾರಲ್ಲ ಎಂದು ನಿಮಗೆ ಸಿಟ್ಟು. ಆದರೆ ‘ಅಡುಗೆ ಭಯಂಕರ ಚೆನ್ನಾಗಿದೆ’ ಎಂದು ಎಷ್ಟು ಜನ ಅನ್ನುವುದಿಲ್ಲ? ಅಡುಗೆ ನೋಡಿ ಯಾರೂ ಹೆದರಿರುವುದಿಲ್ಲ. ‘ಸಖತ್’ ಬಂದಿದ್ದು ಪಾರ್ಸಿಯ ‘ಸಖ್ತ್’ನಿಂದ. ಅಲ್ಲಿ ಅದರ ಅರ್ಥ ಗಟ್ಟಿ, ಕಠಿಣ. ‘ಮಸ್ತ್’ ಎಂದರೆ ಮೂಲದಲ್ಲಿ ಅಮಲೇರಿದವನು. ‘ಚಿಂದಿ’ ಎಂದರೆ ಹರಿದ ಬಟ್ಟೆ. ಮೂರೂ ಈಗ ‘ಬಹಳ ಚೆನ್ನಾಗಿದೆ’ ಎನ್ನಲು ಬರುತ್ತವೆ. ಒತ್ತು ಕೊಡುವ ಮಾತಿನ ಹಣೆಬರಹವೇ ಅಷ್ಟು. ಎಲ್ಲರೂ ಬಳಸಿದಂತೆ ಅದರ ಮೊನೆ ಸವೆಯುತ್ತದೆ. ಆಗ ಚೂಪಾದ ಇನ್ನೊಂದು ಮಾತು ಬೇಕಾಗುತ್ತದೆ. ‘ತುಂಬಾ’ ಸವೆದು ‘ಸಿಕ್ಕಾಪಟ್ಟೆ’ ಬಂತು. ಅದೂ ಸವೆದು ‘ಬೆಂಕಿ’ ಬಂತು. ಬೆಂಕಿ ಆರಿದ ಮೇಲೆ ಏನು ಬರುತ್ತದೋ ನೋಡಬೇಕು.

‘ಬ್ರೋ’ ಬಗ್ಗೆ ಒಂದು ಮಾತು. ತಾಯಿಯನ್ನು ಅಣ್ಣತಮ್ಮ ಎಂದು ಕರೆಯುವುದೇ ಎಂದು ನಿಮಗೆ ನೋವಾಗಿದೆ. ಒಂದು ಕ್ಷಣ ಯೋಚಿಸಿ. ನಾವು ಸಣ್ಣ ಹುಡುಗನನ್ನು ‘ಬಾರಪ್ಪ’ ಎಂದು ಕರೆಯುತ್ತೇವೆ. ಹೆತ್ತ ಮಗಳನ್ನು ‘ಏನಮ್ಮ’ ಅನ್ನುತ್ತೇವೆ. ಮಗ ಅಪ್ಪನಾಗುವುದಿಲ್ಲ, ಮಗಳು ಅಮ್ಮನಾಗುವುದಿಲ್ಲ. ನಿಮ್ಮ ಕಾಲೇಜು ದಿನಗಳಲ್ಲಿ ‘ಮಚ್ಚಾ’ ಎಂಬ ಮಾತು ಕೇಳಿಯೇ ಇರುತ್ತೀರಿ. ತಮಿಳಿನಲ್ಲಿ ಅದು ಭಾವ ಭಾವಮೈದುನರಿಗೆ ಸಲ್ಲುವ ಮಾತು. ಹಾಗೆ ಕರೆದವರು ಯಾರೂ ಗೆಳೆಯನ ತಂಗಿಯನ್ನು ಮದುವೆಯಾಗುವ ಲೆಕ್ಕ ಹಾಕಿರಲಿಲ್ಲ (ಒಂದಿಬ್ಬರು ಹಾಕಿರಬಹುದು, ಬಿಡಿ). ಕರೆಯುವ ಮಾತು ಬಾಯಲ್ಲಿ ಉರುಳಿ ಉರುಳಿ ನಂಟಿನ ಅರ್ಥ ಕಳಚಿಕೊಳ್ಳುತ್ತದೆ. ಬರೀ ‘ಇಲ್ಲಿ ಕೇಳು’ ಎಂಬ ಸಲಿಗೆ ಮಾತ್ರ ಉಳಿಯುತ್ತದೆ. ನಿಮ್ಮ ಮಗನ ‘ಬ್ರೋ’ದಲ್ಲಿ ಇರುವುದೂ ಆ ಸಲಿಗೆಯೇ.

ಇನ್ನು ಆ ‘ಸಿಕ್ಸ್ ಸೆವೆನ್’. ಅದು ಅಮೆರಿಕದ ಒಬ್ಬ ರ್‍ಯಾಪ್ ಗಾಯಕನ ಹಾಡಿನಿಂದ ಹೊರಟು, ಸಣ್ಣ ವಿಡಿಯೋಗಳಲ್ಲಿ ಹಬ್ಬಿತು. ಡಿಕ್ಷನರಿ ಡಾಟ್ ಕಾಮ್ 2025ರ ವರ್ಷದ ಪದ ಎಂದು ಅದನ್ನೇ ಆರಿಸಿತು. ಅರ್ಥ ಇಲ್ಲ ಎಂದು ಮಗ ಹೇಳಿದ್ದು ಸುಳ್ಳಲ್ಲ. ಆದರೆ ಕೆಲಸ ಇದೆ. ಅದು ಗುಂಪಿನ ಗುರುತಿನ ಚೀಟಿ. ಕೇಳಿದ ತಕ್ಷಣ ನಕ್ಕವರು ಒಳಗಿನವರು, ‘ಹಾಗಂದ್ರೇನು’ ಎಂದವರು ಹೊರಗಿನವರು. ನಿಮಗೆ ಅರ್ಥವಾಗದೇ ಇರುವುದೇ ಅದರ ಉಪಯೋಗ. ನೀವು ಸಿಟ್ಟಾದರೆ ಇನ್ನೂ ಲಾಭ. ಹದಿಹರೆಯದಲ್ಲಿ ಮನೆಯಿಂದ ಅರ್ಧ ಹೆಜ್ಜೆ ಆಚೆ ನಿಂತು ತನ್ನವರನ್ನು ಹುಡುಕಿಕೊಳ್ಳುವ ಕೆಲಸ ನಡೆಯುತ್ತಿರುತ್ತದೆ. ಬಟ್ಟೆ, ಕೂದಲು, ಮಾತು ಮೂರೂ ಅದಕ್ಕೇ ದುಡಿಯುತ್ತವೆ. ಕೂದಲಿಗೆ ದುಡ್ಡು ಬೇಕು. ಮಾತಿಗೆ ಬೇಡ.

ಎಲ್ಲಿ ಕೇಳಿದರೂ ಇದೇ ಅನಿಸುವುದಕ್ಕೆ ನಮ್ಮ ಕಿವಿಯ ಪಾಲೂ ಇದೆ. ಭಾಷಾವಿಜ್ಞಾನಿ ಆರ್ನಾಲ್ಡ್ ಜ್ವಿಕಿ 2005ರಲ್ಲಿ ಎರಡು ಭ್ರಮೆಗಳಿಗೆ ಹೆಸರಿಟ್ಟರು. ನಾನು ಈಗ ಗಮನಿಸಿದ್ದು ಈಗಲೇ ಹುಟ್ಟಿದ್ದು ಅನಿಸುವುದು ಒಂದು. ಒಮ್ಮೆ ಗಮನಿಸಿದ ಮೇಲೆ ಎಲ್ಲೆಲ್ಲೂ ಅದೇ ಇದೆ ಅನಿಸುವುದು ಇನ್ನೊಂದು. ‘ಬ್ರೈನ್ ರಾಟ್’, ಅಂದರೆ ಮಿದುಳು ಕೊಳೆಯುವುದು, ಎಂಬ ಮಾತನ್ನು ನೋಡಿ. ಫೋನಿನಲ್ಲಿ ಮುಳುಗಿದ ಮಕ್ಕಳಿಗಾಗಿಯೇ ಹುಟ್ಟಿದ ಮಾತಿನ ಹಾಗೆ ಕೇಳುತ್ತದೆ. ಆಕ್ಸ್‌ಫರ್ಡ್‌ನವರು 2024ರ ಪದವಾಗಿ ಆರಿಸಿದರು. ಅಮೆರಿಕದ ಲೇಖಕ ಥೋರೋ ಅದನ್ನು 1854ರಲ್ಲೇ ಬರೆದಿದ್ದ. ನಿಮ್ಮ ಮಗಳು ಎಣಿಸು ಅಂದ ದಿನದಿಂದ ನಿಮಗೂ ‘ಅಂತ ಹೇಳಿ’ ಎಲ್ಲರ ಬಾಯಲ್ಲೂ ಕೇಳುತ್ತಿರಬೇಕು. ಹೌದಾ?

ಹಾಗಾದರೆ ಅದೇನು ‘ಅಂತ ಹೇಳಿ’? ‘ಬರ್ತೀನಿ ಅಂತ ಹೇಳಿದ’ ಎಂಬಲ್ಲಿ ಅದಕ್ಕೆ ಕೆಲಸವಿದೆ. ‘ನಾಳೆ ಮೀಟಿಂಗ್ ಇದೆ ಅಂತ ಹೇಳಿ, ಅದಕ್ಕೇ ಫೈಲ್ ಬೇಕು ಅಂತ ಹೇಳಿ, ನಿಮಗೆ ಫೋನ್ ಮಾಡಿದೆ’ ಎಂಬಲ್ಲಿ ಅದು ಉಸಿರು ತೆಗೆದುಕೊಳ್ಳುವ ಜಾಗ. ಮುಂದಿನ ವಾಕ್ಯ ತಲೆಯಲ್ಲಿ ಕಟ್ಟಿಕೊಳ್ಳುವಷ್ಟರಲ್ಲಿ ಬಾಯಿ ಖಾಲಿ ಇರಬಾರದಲ್ಲ! ‘ಬೇಸಿಕಲಿ’, ‘ಆಕ್ಚುಲಿ’, ‘ಏನಪ್ಪಾ ಅಂದ್ರೆ’ ಎಲ್ಲ ಇದೇ ಜಾತಿ. ‘ಅಂ’, ‘ಆಂ’ ಕೂಡ. ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ ಎಂಬ ಇಬ್ಬರು ಮನೋವಿಜ್ಞಾನಿಗಳು 2002ರಲ್ಲಿ ಇಂಗ್ಲಿಷ್ ಮಾತುಕತೆಗಳನ್ನು ನೋಡಿ ಒಂದು ವಿಷಯ ತೋರಿಸಿದರು. ‘ಅ’ ಎಂದಾಗ ಮುಂದೆ ಬರುವ ತಡೆ ಚಿಕ್ಕದು, ‘ಅಂ’ ಎಂದಾಗ ದೊಡ್ಡದು. ಅಂದರೆ ಅವು ಬರೀ ಕಸವಲ್ಲ. ‘ತಾಳು, ಇನ್ನೂ ಮುಗಿದಿಲ್ಲ’ ಎಂದು ಕೇಳುವವರಿಗೆ ಕೊಡುವ ಸನ್ನೆ. ಆದ್ದರಿಂದ ನಿಮ್ಮದು ರೋಗವಲ್ಲ. ಅತಿಯಾದಾಗ ಕೇಳುವವರಿಗೆ ಕಿರಿಕಿರಿ, ಅಷ್ಟೇ.

ನಾಚಿಕೆ ಪಡಬೇಡಿ ಎನ್ನಲು ನನಗೆ ಸ್ವಂತ ಕಾರಣವೂ ಇದೆ. ಪಾಠ ಮಾಡುತ್ತಿದ್ದ ದಿನಗಳಲ್ಲಿ ಒಮ್ಮೆ ಕೊನೆಯ ಬೆಂಚಿನಲ್ಲಿ ಹುಡುಗನೊಬ್ಬ ತಲೆ ಬಗ್ಗಿಸಿ ಬಹಳ ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದ. ಖುಷಿಯಾಗಿ ಹತ್ತಿರ ಹೋಗಿ ನೋಡಿದೆ. ನಾಲ್ಕು ನೇರ ಗೀಟು, ಮೇಲೊಂದು ಅಡ್ಡ ಗೀಟು. ಹೀಗೆ ಐದೈದರ ಕಟ್ಟು ಸಾಲಾಗಿ ಎಂಟಿದ್ದವು, ಒಂಬತ್ತನೆಯದು ಅರ್ಧ ಆಗಿತ್ತು. ನಾನು ‘ಗೊತ್ತಾಯ್ತಾ’ ಎಂದಾಗಲೆಲ್ಲ ಒಂದು ಗೀಟು. ತರಗತಿ ಮುಗಿಯಲು ಇನ್ನೂ ಹತ್ತು ನಿಮಿಷವಿತ್ತು. ಹಠ ಹಿಡಿದು ‘ಗೊತ್ತಾಯ್ತಾ’ ಬಿಟ್ಟೆ. ಒಂದೇ ತಿಂಗಳಲ್ಲಿ ಅದರ ಜಾಗಕ್ಕೆ ‘ಅಲ್ವಾ’ ಬಂದು ಕೂತಿತು. ಅದು ಇವತ್ತಿಗೂ ಎದ್ದು ಹೋಗಿಲ್ಲ.

ಈಗ ನನಗೆ ನಿಜಕ್ಕೂ ಸಿಟ್ಟು ಬರುವ ಮೂರನೆಯ ಸಾಮಾನಿಗೆ ಬರುತ್ತೇನೆ. ಈ ವಾಕ್ಯ ಕೇಳಿ: ‘ಈ ಒಂದು ಸಂದರ್ಭದಲ್ಲಿ ಈ ಒಂದು ಯೋಜನೆಯನ್ನು ಜಾರಿಗೆ ತರುವಂಥ ಒಂದು ಕೆಲಸವನ್ನು ನಾವು ಮಾಡುವಂಥದ್ದು ಆಗಬೇಕಾಗಿದೆ.’ ಹದಿಮೂರು ಪದ. ಹೇಳಿದ್ದು ಏನು? ‘ಈ ಯೋಜನೆ ಜಾರಿಗೆ ತರಬೇಕು.’ ನಾಲ್ಕೇ ಪದ. ಉಳಿದ ಒಂಬತ್ತು ಹೊಟ್ಟು. ‘ಈ ಒಂದು’ ಎಂದರೆ ಎರಡನೆಯದು ಎಲ್ಲಿ? ‘ತರುವಂಥ ಕೆಲಸವನ್ನು ಮಾಡುವಂಥದ್ದು’ ಎಂದರೆ ‘ತರುವುದು’. ಸಭೆ, ಟಿವಿ, ಸಂದರ್ಶನ, ಎಲ್ಲಿ ಹೋದರೂ ಈ ‘ಅಂಥದ್ದು’ ಬೆನ್ನು ಬಿಡುವುದಿಲ್ಲ. ‘ಅವರು ಮಾತನಾಡುವಂಥ ಕೆಲಸವನ್ನು ಮಾಡಿದ್ದಾರೆ’ ಎಂಬುದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ. ಮಾತಾಡಿದರು ಎಂದರೆ ಸಾಕಿತ್ತು.

ಇದು ಬರೀ ಕಿವಿಯ ಕಿರಿಕಿರಿಯಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಕನ್ನಡದ ಕ್ರಿಯಾಪದ ಬಹಳ ಚೊಕ್ಕದ್ದು. ‘ತಂದೆವು’ ಎಂದರೆ ಯಾರು, ಯಾವಾಗ ಎರಡೂ ಅದರೊಳಗೇ ಸಿಗುತ್ತದೆ. ‘ತರುವಂಥದ್ದು ಆಗಬೇಕಾಗಿದೆ’ ಎಂದಾಗ ಯಾರು ತರಬೇಕು, ಯಾವಾಗ, ತಂದಾಯಿತೇ ಇಲ್ಲವೇ, ಎಲ್ಲವೂ ಮಂಜಾಗುತ್ತದೆ. ಎಷ್ಟೋ ಸಲ ಹೇಳುವವರಿಗೆ ಬೇಕಾಗಿರುವುದೂ ಆ ಮಂಜೇ. ನಿಮ್ಮ ಮಗ ‘ಸೀನೇ ಇಲ್ಲ ಬ್ರೋ’ ಎಂದರೆ ಅವನು ಬರುವುದಿಲ್ಲ ಎಂದು ತಕ್ಷಣ ಗೊತ್ತಾಗುತ್ತದೆ. ಯಾವುದು ಕೆಟ್ಟ ಭಾಷೆ, ನೀವೇ ಹೇಳಿ.

ಇಂಗ್ಲಿಷಿನ ಸವಕಲು ಮಾತನ್ನು ಪದಕ್ಕೆ ಪದ ಇಳಿಸಿಕೊಳ್ಳುವುದೂ ಇದೇ ಸಾಲಿಗೆ ಸೇರುತ್ತದೆ. ‘ದಿನದ ಕೊನೆಯಲ್ಲಿ ಆರೋಗ್ಯವೇ ಮುಖ್ಯ’ ಎಂದು ಒಬ್ಬರು ಭಾಷಣ ಮಾಡಿದರು. ಬೆಳಿಗ್ಗೆ ಹೊತ್ತು ಮುಖ್ಯ ಅಲ್ವಾ ಅನಿಸಿತು. ‘ಕೊನೆಗೂ’, ‘ಎಷ್ಟಾದರೂ’, ‘ಏನೇ ಹೇಳಿ’ ಎಂಬ ಮಾತುಗಳು ನಮ್ಮಲ್ಲೇ ಬೇಕಾದಷ್ಟು ಬಿದ್ದಿವೆ.

ಮಗನ ಬರವಣಿಗೆಯ ವಿಷಯ. ಬ್ರಿಟನ್ನಿನಲ್ಲಿ 10ರಿಂದ 12 ವರ್ಷದ ಮಕ್ಕಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಫೋನ್ ಸಂದೇಶದಲ್ಲಿ ಮೋಟು ಮಾತು ಹೆಚ್ಚು ಬಳಸುವ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದಿರಲಿಲ್ಲ, ಬದಲಿಗೆ ಪದ ಓದುವುದರಲ್ಲಿ ತುಸು ಮುಂದೇ ಇದ್ದರು. ಮೋಟು ಮಾತು ಬಳಸಿದ್ದರಿಂದ ಜಾಣರಾದರು ಎಂದು ಇದರ ಅರ್ಥವಲ್ಲ. ಅಕ್ಷರದ ಜೊತೆ ಆಡುವ ಮಕ್ಕಳಿಗೆ ಅಕ್ಷರದ ಮೇಲೆ ಹಿಡಿತವೂ ಇರುತ್ತದೆ ಎಂದುಕೊಳ್ಳಬಹುದು. ನನ್ನ ಅನುಭವವೂ ಇದೇ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಅವನಿಗೆ ಇಷ್ಟವಾದ ಆಟವನ್ನೋ ವಿಡಿಯೋವನ್ನೋ ಅಜ್ಜನಿಗೆ ತಿಳಿಯುವ ಹಾಗೆ ಹೇಳಲು ಕೇಳಿ. ಅವನು ತಾನಾಗಿ ‘ಬ್ರೋ’, ‘ಕ್ರಿಂಜ್’ ಬಿಟ್ಟು ಬೇರೆ ಮಾತು ಹುಡುಕಿಕೊಂಡರೆ ನಿಶ್ಚಿಂತೆಯಿಂದ ಇರಿ. ಅವನ ಹತ್ತಿರ ಎರಡು ಜೊತೆ ಬಟ್ಟೆ ಇದೆ, ಮನೆಯಲ್ಲಿ ಒಂದನ್ನು ಹಾಕುತ್ತಾನೆ, ಅಷ್ಟೇ. ಹುಡುಕಿಯೂ ಸಿಗದೆ ತಡವರಿಸಿದರೆ ಆಗ ಯೋಚಿಸಬೇಕು. ಅಲ್ಲೂ ತಪ್ಪು ‘ಕ್ರಿಂಜ್’ನದ್ದಲ್ಲ, ಓದು ಸಾಲದು. ಇರುವ ಮಾತನ್ನು ಕಿತ್ತುಕೊಂಡರೆ ಇಲ್ಲದ ಮಾತು ಬರುವುದಿಲ್ಲ.

ಏನು ಮಾಡಬಹುದು ಎಂದು ಕೇಳಿದ್ದೀರಿ. ಪ್ರತಿ ಸಲ ತಿದ್ದುವುದನ್ನು ಮಾಡಿ ನೋಡಿದ್ದೀರಿ, ಬೆಲೆಯನ್ನೂ ತೆತ್ತಿದ್ದೀರಿ. ಹುಡುಗ ಪದ ಬಿಡಲಿಲ್ಲ, ಮಾತು ಬಿಟ್ಟ. ನನ್ನ ಹತ್ತಿರ ತರಬೇತಿಗೆ ಬರುವ ದೊಡ್ಡವರಲ್ಲಿ, ಬಾಯಿ ತೆರೆದರೆ ಯಾರೋ ತಿದ್ದುತ್ತಾರೆ ಎಂಬ ಭಯವನ್ನು ಚಿಕ್ಕಂದಿನಿಂದ ಹೊತ್ತು ತಂದವರು ಬಹಳ ಜನ. ಇದನ್ನು ಇವತ್ತೇ ನಿಲ್ಲಿಸಿ.

ನೀವೂ ಅದೇ ಮಾತು ಬಳಸಬಹುದು. ಊಟಕ್ಕೆ ಕರೆಯುವಾಗ ನೀವೇ ಅಂಗೈ ಆಡಿಸಿ ‘ಸಿಕ್ಸ್ ಸೆವೆನ್’ ಅಂದುಬಿಡಿ. ಅಮ್ಮಂದಿರ ಬಾಯಿಗೆ ಬಂದ ಮೇಲೆ ಗುರುತಿನ ಚೀಟಿಗೆ ಬೆಲೆ ಎಲ್ಲಿ? ಅಲ್ಲಿಗೆ ಅದರ ಆಯಸ್ಸು ಮುಗಿಯಿತು. ಆದರೆ ಈ ಬಾಣ ಒಂದೇ ಸಲಕ್ಕೆ. ದಿನಾ ಬಿಟ್ಟರೆ ನೀವೇ ‘ಕ್ರಿಂಜ್’ ಆಗುತ್ತೀರಿ. ಗೆಳೆಯರ ಎದುರಿಗಂತೂ ಬೇಡವೇ ಬೇಡ. ಅದು ತಮಾಷೆ ಆಗುವುದಿಲ್ಲ, ಅವಮಾನ ಆಗುತ್ತದೆ.

ಇದಕ್ಕಿಂತ ನನಗೆ ಇಷ್ಟವಾದ ದಾರಿ ಜಾಗ ಗೊತ್ತುಮಾಡುವುದು. ಗೆಳೆಯರ ಜೊತೆ ಏನಾದರೂ ಅಂದುಕೋ. ನನ್ನನ್ನು ‘ಬ್ರೋ’ ಅಂದರೆ ನನಗೆ ಹಿಡಿಸುವುದಿಲ್ಲ, ಅಮ್ಮ ಅನ್ನು. ಇಷ್ಟು ಹೇಳಿ, ಒಂದೇ ಸಲ. ಭಾಷೆ ಕೆಡುತ್ತದೆ, ಮರ್ಯಾದೆ ಇಲ್ಲ ಎಂಬ ಉಪನ್ಯಾಸ ಬೇಡ. ನನಗೆ ಹಿಡಿಸುವುದಿಲ್ಲ ಎಂಬುದು ಸಾಕಾದಷ್ಟು ದೊಡ್ಡ ಕಾರಣ. ಒಂದೆರಡು ಸಲ ಮರೆಯುತ್ತಾನೆ. ಮರೆಯಲಿ.

ಒಂದು ವಿಷಯದಲ್ಲಿ ಮಾತ್ರ ನನಗೆ ಈ ಸಡಿಲ ಇಲ್ಲ. ಇನ್ನೊಬ್ಬರ ಅಂಗವಿಕಲತೆ, ಮೈಬಣ್ಣ, ಜಾತಿ, ಹೆಣ್ತನವನ್ನು ಆಡಿಕೊಳ್ಳುವ ಮಾತು ‘ಸುಮ್ನೆ ತಮಾಷೆಗೆ’ ಎಂದು ಮನೆಗೆ ಬಂದರೆ, ಅವತ್ತೇ ಕೂರಿಸಿಕೊಂಡು ಅದು ಯಾರಿಗೆ ಹೇಗೆ ತಾಗುತ್ತದೆ ಎಂದು ಬಿಡಿಸಿ ಹೇಳಿ. ‘ಬ್ರೋ’ಗೂ ಅದಕ್ಕೂ ಒಂದೇ ದನಿಯಲ್ಲಿ ಬೈದರೆ ಹುಡುಗನಿಗೆ ಎರಡರ ನಡುವೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಬೈಗುಳವನ್ನು ಉಳಿತಾಯ ಮಾಡಬೇಕಾದದ್ದು ಇದಕ್ಕೇ.

ಮ್ಯಾನೇಜರ್ ಅವರನ್ನು ತಿದ್ದಲು ಹೋಗಬೇಡಿ. ‘ಬೇಸಿಕಲಿ’ಯನ್ನು ಕಿವಿಯಿಂದ ಜಾರಲು ಬಿಡಿ. ಅವರ ಮಾತು ಮಂಜಾದಾಗ ಮಾತ್ರ ಕೇಳಿ: ‘ಅಂದರೆ ಸರ್, ಯಾವ ತಾರೀಖಿಗೆ ಬೇಕು? ಯಾರು ಕಳಿಸಬೇಕು?’ ಹಾಗೆ ಕೇಳಿದ ಮೇಲೆ ಹೊಟ್ಟಿಗೆ ಜಾಗ ಇರುವುದಿಲ್ಲ. ಎಲ್ಲರ ಎದುರಿಗೆ ಚುಚ್ಚುವ ದನಿಯಲ್ಲಿ ಕೇಳಿದರೆ ತಿರುಗಿ ಬೀಳಬಹುದು. ಬರೆದುಕೊಳ್ಳುತ್ತಾ, ತಲೆ ಎತ್ತದೆ ಕೇಳಿ.

ಉಳಿದದ್ದು ನಿಮ್ಮ ‘ಅಂತ ಹೇಳಿ’. ಎಲ್ಲ ಊರೆಗೋಲನ್ನೂ ಒಟ್ಟಿಗೆ ಎಸೆಯಲು ಹೋಗಬೇಡಿ. ಹಾಗೆ ಮಾಡಿದವರು ಪ್ರತಿ ಪದಕ್ಕೂ ಕಾವಲು ಕಾಯುತ್ತಾ ಮಾತೇ ತೊದಲುವ ಸ್ಥಿತಿಗೆ ಬಂದದ್ದನ್ನು ನೋಡಿದ್ದೇನೆ. ಒಂದನ್ನು ಹಿಡಿಯಿರಿ. ದಿನಕ್ಕೊಂದು ಫೋನ್ ಮಾತು ರೆಕಾರ್ಡ್ ಮಾಡಿ, ಆಚೆಯವರಿಗೆ ತಿಳಿಸಿ. ಎರಡೇ ನಿಮಿಷ ಕೇಳಿ. ಆ ಮಾತು ಬಾಯಿಗೆ ಬರುತ್ತಿದೆ ಅನಿಸಿದಾಗ ಬದಲಿ ಪದ ಹುಡುಕದೆ ಸುಮ್ಮನೆ ತುಟಿ ಮುಚ್ಚಿ. ಅರ್ಧ ಸೆಕೆಂಡಿನ ಮೌನ ನಿಮಗೆ ಯುಗದ ಹಾಗೆ ಅನಿಸುತ್ತದೆ. ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಮೂರು ನಾಲ್ಕು ವಾರದಲ್ಲಿ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಎಣಿಸುವ ಕೆಲಸವನ್ನು ಈ ಸಲ ಮಗನಿಗೆ ಕೊಡಿ. ಊಟದ ಹೊತ್ತಿನಲ್ಲಿ, ಕೈಯಲ್ಲೊಂದು ಪೆನ್ಸಿಲ್. ಅಮ್ಮನ ತಪ್ಪಿಗೆ ಗೀಟು ಎಳೆಯುವ ಅವಕಾಶ ಯಾವ ಹುಡುಗನೂ ಬಿಡುವುದಿಲ್ಲ, ಗೀಟು ಎಳೆಯುತ್ತಾ ಮಾತಾಡದೆಯೂ ಇರುವುದಿಲ್ಲ. ‘ಅಂತ ಹೇಳಿ’ ಹೋದ ಮೇಲೆ ಆ ಜಾಗಕ್ಕೆ ಯಾವುದು ಬಂದು ಕೂತಿತು ಎಂದು ನನಗೂ ಒಂದು ಸಾಲು ಬರೆಯಿರಿ. ಬಂದೇ ಬರುತ್ತದೆ.